ನೀರೆರೆದ ಗೂಟ

"ನಿಮ್ಮ ನಾಯೀನ ಸ್ವಲ್ಪ ಕಟ್ಟಿ ಹಾಕ್ತೀರಾ?"

ಬೇಲಿಯ ಆಚೆಯಿಂದ ಗಂಡಸಿನ ದನಿ. ಗುಲಾಬಿ ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಿದ್ದ ಪುಟ್ಟಿ ತಲೆಯೆತ್ತಿದಳು. ಅವರ ಮನೆಯಲ್ಲಿ ನಾಯಿ ಇರಲಿಲ್ಲ. ಅಮ್ಮನಿಗೆ ನಾಯಿ ಕಂಡರೆ ಆಗುತ್ತಿರಲಿಲ್ಲ.

"ಯಾವ ನಾಯಿ?"

"ನನ್ನ ಗೂಟ ಕಿತ್ತು ಬೇರೆ ಕಡೆ ಹಾಕಿರೋ ನಾಯಿ."

ಮಂಡಿಯವರೆಗೆ ಕೆಸರು, ಹೆಗಲ ಮೇಲೆ ಮೂರು ಕಾಲಿನ ಯಂತ್ರ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ರೇಗಬೇಕೆಂದೇ ಹೊರಟು ಬಂದಿದ್ದ, ಆದರೆ ಸಿಟ್ಟು ಅವನಿಗೆ ಎರವಲು ತಂದ ಅಂಗಿಯ ಹಾಗೆ ಒಗ್ಗದೆ ಕೂತಿತ್ತು. ಪುಟ್ಟಿಗೆ ನಗು ಬಂತು. ಗೂಟ ಕಿತ್ತವಳು ಅವಳೇ. ತಲೆಗೆ ಕೆಂಪು ಬಣ್ಣ ಬಳಿದುಕೊಂಡ ಆ ಗೂಟ ಅವಳ ಬಿದಿರು ಸಸಿಗಳ ಪಾತಿಯ ನಟ್ಟನಡುವೆ ಬಂದು ನಿಂತಿತ್ತು. ಎರಡು ಮಾರು ಕೆಳಗೆ ನೆಟ್ಟರೆ ಯಾರಪ್ಪನ ಗಂಟು ಹೋಗುತ್ತದೆ ಅಂದುಕೊಂಡಿದ್ದಳು.

"ಓ, ಅದಾ? ಬಹಳ ತುಂಟ ನಾಯಿ ಸಾರ್. ಹೇಳಿದ ಮಾತು ಕೇಳಲ್ಲ."

"ಹೆಸರೇನು ಅದಕ್ಕೆ?"

"ಇನ್ನೂ ಇಟ್ಟಿಲ್ಲ."

"ಮತ್ತೆ ಹೇಗೆ ಕರೀತೀರಾ?"

"ಕರಿಯೋಕೆ ಮುಂಚೇನೇ ಬಂದುಬಿಡುತ್ತೆ."

ಅವನು ಅವಳನ್ನು ನೋಡಿದ. ಮೊದಲು ಮುಖ, ಆಮೇಲೆ ಮಣ್ಣು ಮೆತ್ತಿದ ಬೆರಳುಗಳು, ಮತ್ತೆ ಮುಖ. ತುಟಿಯ ಒಂದು ಮೂಲೆ ಮೇಲೇರಬೇಕೋ ಬೇಡವೋ ಎಂದು ಯೋಚಿಸಿ ಅಲ್ಲೇ ನಿಂತಿತು. ಅವನು ಇಳಿಜಾರಿನತ್ತ ನಡೆದ, ಗೂಟವನ್ನು ಕಿತ್ತು, ಅಳೆದು, ಮತ್ತೆ ಅವಳ ಬಿದಿರಿನ ನಡುವೆಯೇ ನೆಟ್ಟು ಹೋದ.

ಪುಟ್ಟಿ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು. ಮೂವತ್ತು ದಾಟಿ ವರ್ಷಗಳಾದರೂ ಕೆರೆಯ ಸುತ್ತಲಿನವರಿಗೆಲ್ಲ ಅವಳು ಪುಟ್ಟಿಯೇ. ಮದುವೆಯ ಮಾತು ಬಂದು ಹೋಗಿ, ಬಂದು ಹೋಗಿ, ಕೊನೆಗೆ ಬರುವುದನ್ನೇ ಬಿಟ್ಟಿತ್ತು. ಅಪ್ಪ ತೀರಿಕೊಂಡ ಮೇಲೆ ಕೆರೆಯ ತಿರುವಿನಲ್ಲಿದ್ದ ನರ್ಸರಿಯನ್ನು ಅವಳೂ ಅಮ್ಮನೂ ನಡೆಸುತ್ತಿದ್ದರು. ನಡೆಸುತ್ತಿದ್ದರು ಅನ್ನುವುದು ದೊಡ್ಡ ಮಾತು, ಎಳೆಯುತ್ತಿದ್ದರು.

ಒಂದು ಕಾಲಕ್ಕೆ ಈ ಕೆರೆಗೆ ಜನ ಜೋಡಿ ಜೋಡಿಯಾಗಿ ಬರುತ್ತಿದ್ದರು. ದೋಣಿಯಲ್ಲಿ ಒಂದು ಸುತ್ತು ಹಾಕಿ, ಬೆಂಚಿನ ಮೇಲೆ ಕೂತು, ಹಿಂದಿರುಗುವಾಗ ಒಂದು ಹೂವಿನ ಗಿಡ ಕೊಂಡು ಹೋಗುತ್ತಿದ್ದರು. ಆಮೇಲೆ ಚರಂಡಿ ನೀರು ಬಂತು, ಜೊಂಡು ಬಂತು. ದೋಣಿಗಳು ಮಕಾಡೆ ಬಿದ್ದು ಕೊಳೆತವು, ಬೆಂಚುಗಳು ಯಾರ ಯಾರದೋ ಅಂಗಳ ಸೇರಿದವು. ಈ ದಾರಿಯಲ್ಲಿ ಹೋಗಲೇಬೇಕಾದವರು ಮೂಗಿಗೆ ಕರವಸ್ತ್ರ ಹಿಡಿದು ಓಡುತ್ತಿದ್ದರು. ಮೂಗು ಮುಚ್ಚಿಕೊಂಡವರು ಗಿಡ ಕೊಳ್ಳುವುದುಂಟೇ?

ಈಗ ಕೆರೆಗೆ ಮತ್ತೆ ಜೀವ ಕೊಡುವ ಕೆಲಸ ಶುರುವಾಗಿತ್ತು. ತೂಬು ತೆಗೆದು ನೀರು ಬಸಿದು, ಜೊಂಡು ಎಳೆದು, ಹೂಳು ಎತ್ತಿದ್ದರು. ಸುತ್ತಲೂ ನಡೆಯುವ ದಾರಿ, ಬೆಂಚು, ಹೊಸ ದೋಣಿಗಳು, ದೂರದವರೂ ಬಂದು ನೋಡುವಂಥ ಜಾಗ ಆಗುತ್ತದಂತೆ. ಕಲ್ಲಿನ ಕೆಲಸದ ಗುತ್ತಿಗೆ ಪುಟ್ಟಿಯ ಮಾವನದು, ಅಂದರೆ ಅಮ್ಮನ ತಮ್ಮನದು. ಅವನೇ ಯಾರ ಯಾರ ಹತ್ತಿರವೋ ಮಾತಾಡಿ, ದಾರಿಯುದ್ದಕ್ಕೂ ಹಾಕುವ ಗಿಡಗಳ ಆರ್ಡರು ಅಕ್ಕನ ನರ್ಸರಿಗೇ ಸಿಗುವಂತೆ ಮಾಡಿದ್ದ. ಅಮ್ಮ ಎಷ್ಟೋ ವರ್ಷದ ಮೇಲೆ ಅಡುಗೆಮನೆಯಲ್ಲಿ ಗುನುಗತೊಡಗಿದ್ದಳು.

ಆ ಯಂತ್ರದ ಮನುಷ್ಯ ಸರ್ವೇಯರ್. ತೂಬು ಮುಚ್ಚಿದ ಮೇಲೆ ನೀರು ಎಲ್ಲಿಯವರೆಗೆ ಬಂದು ನಿಲ್ಲುತ್ತದೋ ಆ ಗೆರೆಗೆ ಗೂಟ ನೆಡುವುದು ಅವನ ಕೆಲಸ. ಗೂಟದಿಂದ ಒಂದು ಹೆಜ್ಜೆ ಮೇಲೆ ಕಲ್ಲು, ಕಲ್ಲಿನ ಮೇಲೆ ದಾರಿ. ತಿರುವಿನ ತುದಿಗೆ ಆಧಾರವಾಗಿ ಇದ್ದದ್ದು ಪುಟ್ಟಿಯ ಪಾತಿಯ ಆ ಒಂದೇ ಗೂಟ.

ಎರಡನೇ ಸಲ ಅವನು ಬಂದಾಗ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು.

"ಇದು ನಾಯಿಗೆ," ಅಂದ. "ಎಲ್ಲಿ ಅದು?"

"ಅಡ್ಡಾಡೋಕೆ ಹೋಗಿದೆ. ಕೊಡಿ, ಬಂದ ಮೇಲೆ ಹಾಕ್ತೀನಿ."

ಕೋಲು ಹಿಡಿಯುವ ಆಳು ಅವತ್ತು ಬಂದಿರಲಿಲ್ಲ. ಪುಟ್ಟಿಯೇ ಅಳತೆಯ ಕೋಲು ಹಿಡಿದು ಇಳಿಜಾರಿನಲ್ಲಿ ನಿಂತಳು. ಅವನು ಒಂದು ಕಣ್ಣು ಮುಚ್ಚಿ ಯಂತ್ರಕ್ಕೆ ಮುಖವಿಟ್ಟ. ಗಾಳಿಗೆ ಅವಳ ಮುಂಗುರುಳು ಬಾಯಿಗೆ ಬಂತು, ಉಫ್ ಎಂದು ಊದಿದಳು. ಮತ್ತೆ ಬಂತು, ಮತ್ತೆ ಊದಿದಳು. ಅವನು ಮುಖ ಎತ್ತುವ ಹಾಗೇ ಕಾಣಲಿಲ್ಲ.

"ಅಂಕಿ ಓದೋಕೆ ಇಷ್ಟು ಹೊತ್ತು ಬೇಕಾ ಸಾರ್?"

"ಕೋಲು ಅಲ್ಲಾಡ್ತಾ ಇದೆ."

"ಕೋಲು ಕಲ್ಲು ನಿಂತ ಹಾಗೆ ನಿಂತಿದೆ."

"ಹಾಗಾದರೆ ನಾನೇ ಅಲ್ಲಾಡ್ತಿರಬೇಕು," ಅಂದ, ಇನ್ನೂ ಯಂತ್ರದಿಂದ ಕಣ್ಣು ತೆಗೆಯದೆ. ಅವನ ಕಿವಿ ಕೆಂಪಗಾಗಿದ್ದದ್ದು ಅಷ್ಟು ದೂರದಿಂದಲೂ ಅವಳಿಗೆ ಕಂಡಿತು.

ಹಿಂದಿರುಗುವ ಮುಂಚೆ ಬೇಲಿಯ ಹತ್ತಿರ ಚಹಾ ಕುಡಿದ. ಪುಟ್ಟಿ ಯಾವ ಮುಲಾಜೂ ಇಲ್ಲದೆ ನಾಯಿಯ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದಳು. ಅವನು ಅದನ್ನು ನೋಡಿಯೂ ನೋಡದವನ ಹಾಗೆ ಕೆರೆ ಕಡೆ ತಿರುಗಿದ.

"ಈ ಕಡೆ ಕೆಲಸ ಮುಗೀತಾ ಬಂತು," ಅಂದ. "ಆಮೇಲೆ ನಾನು ಬೇರೆ ಊರು. ಅಲ್ಲಿ ಯಾವುದೋ ರಸ್ತೆ."

"ನಿಮ್ಮ ಮನೆ ಎಲ್ಲಿ?"

"ಹಾಗಂತ ಒಂದು ಇಲ್ಲ. ಕೆಲಸ ಇದ್ದಲ್ಲಿ ಒಂದು ರೂಮು. ಇಷ್ಟು ವರ್ಷ ಅಳೆದದ್ದೆಲ್ಲ ಬೇರೆಯವರ ಜಾಗಾನೇ."

ಅವಳ ಬಾಯಲ್ಲಿದ್ದ ಬಿಸ್ಕತ್ತು ಒಣಗಿ ಹೋಯಿತು. ಇಂಥ ಮಾತಿಗೆ ಎದೆ ಯಾಕೆ ಧಸಕ್ಕೆನ್ನಬೇಕು? ಎರಡು ಸಲ ಬಂದ ಮನುಷ್ಯ, ಮೂರನೇ ಸಲ ಬರದಿದ್ದರೆ ಯಾರ ಮನೆ ಮುಳುಗುತ್ತದೆ? ಹೀಗೆಲ್ಲ ತನಗೆ ತಾನೇ ಬೈದುಕೊಂಡಳು. ಏನು ಬೈದುಕೊಂಡರೂ ಅವನು ಹೋದ ದಾರಿಯಿಂದ ಕಣ್ಣು ಕೀಳಲು ಆಗಲಿಲ್ಲ.

ಅವತ್ತು ಹೊತ್ತು ಮುಳುಗುವಾಗ ಅವಳು ಗೂಟವನ್ನು ಮತ್ತೆ ಕಿತ್ತಳು. ಈ ಸಲ ಬಿದಿರಿನ ಮೇಲಿನ ಅಕ್ಕರೆಯಿಂದಲ್ಲ. ಎರಡು ಮಾರು ಕೆಳಗೆ ನೆಟ್ಟು, ಬುಡಕ್ಕೆ ಮಣ್ಣು ಎಳೆದು, ಎರಡು ಹೆಬ್ಬೆರಳಿನಿಂದ ಒತ್ತಿ, ಕ್ಯಾನಿನಿಂದ ಒಂದಿಷ್ಟು ನೀರು ಹಾಕಿದಳು. ನೆಟ್ಟದ್ದಕ್ಕೆಲ್ಲ ನೀರು ಹಾಕಿ ಹಾಕಿ ಕೈಗೆ ಅದೇ ಅಭ್ಯಾಸ. ನೀರು ಹಾಕಿದ್ದು ಅವಳಿಗೇ ಗೊತ್ತಾಗಲಿಲ್ಲ.

ಅವನು ಬಂದ. ಬಿಸ್ಕತ್ತು ತಂದ, ಗೂಟ ಸರಿ ಮಾಡಿದ, ಚಹಾ ಕುಡಿದ, ಹೋದ. ಅವಳು ಮತ್ತೆ ಕಿತ್ತಳು. ಮತ್ತೆ ಬಂದ.

ಕೊನೆಯ ಸಲ ಬಂದಾಗ ಯಂತ್ರ ಹೂಡಿದ, ಕಣ್ಣಿಟ್ಟ, ಗೂಟವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಮೂರು ಕಾಲು ಮಡಚಿದ.

"ಬೆಳಕು ಸಾಲದು. ನಾಳೆ ಬಂದು ನೋಡ್ತೀನಿ."

ಆಕಾಶದಲ್ಲಿ ಒಂದು ಮೋಡ ಇರಲಿಲ್ಲ, ಬಿಸಿಲು ರಾಚುತ್ತಿತ್ತು. ಪುಟ್ಟಿಗೆ ಅದು ಹೊಳೆಯಲೇ ಇಲ್ಲ. ನಾಳೆ ಬರುತ್ತಾನೆ, ಅಷ್ಟೇ ಕಿವಿಗೆ ಬಿದ್ದದ್ದು. ರಾತ್ರಿ ಊಟಕ್ಕೆ ಕೂತಾಗ ಅಮ್ಮ, "ಏನೇ, ನಿನ್ನಷ್ಟಕ್ಕೆ ನೀನೇ ನಗ್ತೀಯ?" ಅಂದಳು.

ಆ ನಾಳೆ ಬಂದವನು ಮಾವ. ಜೊತೆಗೆ ಕಲ್ಲು ಕಟ್ಟುವವರ ದಂಡು.

ಉದ್ಘಾಟನೆ ಹೇಳಿದ್ದಕ್ಕಿಂತ ಬೇಗ ಇದೆ, ತಿರುವಿನ ಕೆಲಸ ಬೇಗ ಮುಗಿಯಬೇಕು ಅಂತ ಮೇಲಿನಿಂದ ಹೇಳಿದ್ದರಂತೆ. ಪುಟ್ಟಿ ಅಮ್ಮನ ಜೊತೆ ಕೆರೆಯ ಆ ದಡಕ್ಕೆ ಸಸಿ ಇಳಿಸಲು ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಕಲ್ಲು ಗೂಟದ ಹಿಂದೆಯೇ ಬಾಗಿ ಇಳಿಜಾರಿಗೆ ಇಳಿದಿತ್ತು. ಅವಳು ನೆಟ್ಟ ಗೂಟದ ಹಿಂದೆ.

"ಮಾವ, ಸರ್ವೇಯರ್ ಬಂದು ನೋಡಿದ್ರಾ?"

"ನೋಡೋದೇನು? ಗೂಟ ಹೊಡೆದಿರೋದೇ ಅವನು."

ಕಲ್ಲು ಇಡುವ ಮುಂಚೆ ಸರ್ವೇಯರನ್ನು ಕರೆದು ಇನ್ನೊಮ್ಮೆ ಅಳೆಸಬೇಕೆಂದು ನಿಯಮವಿತ್ತು. ಅವಸರದಲ್ಲಿ ಮಾವ ಅದನ್ನು ಬದಿಗಿಟ್ಟಿದ್ದ. ಪುಟ್ಟಿಯ ನಾಲಿಗೆಯ ತುದಿಗೆ ಮಾತು ಬಂತು. ಎರಡೇ ಮಾರು ತಾನೇ, ಏನು ಮಹಾ ಆಗುತ್ತದೆ, ಅವನು ಮಧ್ಯಾಹ್ನ ಬಂದಾಗ ಅವನಿಗೇ ಹೇಳಿದರಾಯಿತು ಎಂದು ನುಂಗಿದಳು.

ಅವನು ಮಧ್ಯಾಹ್ನ ಬರಲಿಲ್ಲ. ಮರುದಿನವೂ ಬರಲಿಲ್ಲ. ಕೆರೆಗೆ ನೀರು ತರುವ ಕಾಲುವೆ ಮೇಲೆಲ್ಲೋ ಕುಸಿದಿದೆಯೆಂದು ಅವನನ್ನು ಬೆಳ್ಳಂಬೆಳಿಗ್ಗೆ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೇಲಿಯ ಹತ್ತಿರ ಕಾದಳು. ಸಸಿಗೆ ನೀರು ಹಾಕುವಾಗ ಕಾದಳು, ಚೀಲಕ್ಕೆ ಮಣ್ಣು ತುಂಬುವಾಗ ಕಾದಳು. ಚಹಾ ಎರಡು ಲೋಟ ಮಾಡಿ, ಒಂದನ್ನು ಕುಡಿದು, ಇನ್ನೊಂದು ಆರಿದ ಮೇಲೆ ಅದನ್ನೂ ತಾನೇ ಕುಡಿದಳು.

ತೂಬು ಮುಚ್ಚಿದರು. ಕೆರೆ ತುಂಬತೊಡಗಿತು.

ಅದನ್ನು ನೋಡಲು ಎರಡು ಕಣ್ಣು ಸಾಲುತ್ತಿರಲಿಲ್ಲ. ಕೊಳೆತ ಗುಂಡಿಯಾಗಿದ್ದ ಜಾಗದಲ್ಲಿ ದಿನದಿಂದ ದಿನಕ್ಕೆ ಆಕಾಶ ಅಗಲವಾಗುತ್ತಿತ್ತು. ಎಲ್ಲಿದ್ದವೋ ಬಿಳಿ ಹಕ್ಕಿಗಳು ಬಂದವು. ಹಳೆಯ ಜನ ಕೋಲೂರಿಕೊಂಡು ಬಂದು ನಿಂತು, ಏನೂ ಮಾತಾಡದೆ ನೋಡಿ ಹೋದರು. ಎಲ್ಲ ಕಡೆ ನೀರು ದಾರಿಗಿಂತ ಒಂದು ಹೆಜ್ಜೆ ಕೆಳಗೆ ಬಂದು ಹೇಳಿದಂತೆ ನಿಂತಿತು. ತಿರುವಿನಲ್ಲಿ ಮಾತ್ರ ನಿಲ್ಲಲಿಲ್ಲ. ಕಲ್ಲು ಹತ್ತಿತು, ದಾರಿಗೆ ಬಂತು, ಹೊಸ ಬೆಂಚುಗಳ ಕಾಲು ನುಂಗಿತು. ಪುಟ್ಟಿ ಕೈಯಾರೆ ನೆಟ್ಟ ಕಾಗದದ ಹೂವಿನ ಗಿಡಗಳು ಕುತ್ತಿಗೆಯವರೆಗೆ ಮುಳುಗಿ ತಲೆ ಆಡಿಸತೊಡಗಿದವು.

ಅವಳು ದಡದಲ್ಲಿ ನಿಂತು ನೋಡಿದಳು.

ಸಂಜೆ ಮಾವ ಬಂದು ಕುರ್ಚಿಯಲ್ಲಿ ಕುಸಿದ.

"ನೀರು ಇಳಿಸೋಕೆ ಆಗಲ್ಲ ಅಕ್ಕ. ಇಳಿಸಿದ್ರೆ ಆ ಕಡೆ ದೋಣಿಗಳೆಲ್ಲ ಕೆಸರಲ್ಲಿ ಕೂರ್ತವೆ. ತಿರುವು ಪೂರ್ತಿ ಕಿತ್ತು ಮತ್ತೆ ಕಟ್ಟಬೇಕು. ಉದ್ಘಾಟನೆ ಮುಂದಕ್ಕೆ ಹೋಯ್ತು."

"ಯಾರ ತಪ್ಪಂತೆ?" ಅಮ್ಮ ಕೇಳಿದಳು.

"ಸರ್ವೇಯರ್ ಒಪ್ಕೊಂಡ. ಇವತ್ತು ಕಾಲುವೆ ಕೆಲಸದಿಂದ ವಾಪಸು ಬಂದ, ನೋಡಿದ, ಸೀದಾ ಕೆರೆ ಕೆಲಸ ನೋಡ್ಕೊಳ್ಳೋ ಮೇಡಂ ಹತ್ತಿರ ಹೋಗಿ ಅಳತೆ ನನ್ನದೇ ತಪ್ಪು ಅಂದ. ನಾಳೆ ಎಲ್ಲರ ಮುಂದೆ ಹೇಳಿ ಹೋಗ್ತಾನೆ. ಇನ್ನು ಅವನನ್ನ ಯಾವ ಕೆರೆಗೂ ಯಾವ ರಸ್ತೆಗೂ ಯಾರೂ ಕರೆಯಲ್ಲ. ಅಲ್ಲಿಗೆ ಅವನ ಕಥೆ ಮುಗೀತು."

"ಪಾಪ," ಅಂದಳು ಅಮ್ಮ.

ಪುಟ್ಟಿ ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಓಡಿದಳು.

ಅವನ ರೂಮು ಸೈಕಲ್ ರಿಪೇರಿ ಅಂಗಡಿಯ ಮೇಲೆ. ಕಿರಿದಾದ ಮೆಟ್ಟಿಲು, ಗೋಡೆಗೆಲ್ಲ ಗ್ರೀಸಿನ ಕೈಯಚ್ಚು. ಬಾಗಿಲು ತೆರೆದೇ ಇತ್ತು. ಒಂದು ಮಂಚ, ಒಂದು ಸ್ಟವ್, ಕಿಟಕಿಯ ಸರಳಿಗೆ ನೇತುಹಾಕಿದ ಒದ್ದೆ ಟವೆಲ್. ಅವನು ನೆಲದ ಮೇಲೆ ಕೂತು ಯಂತ್ರದ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದ. ಪಕ್ಕದಲ್ಲಿ ಬಾಯ್ತೆರೆದ ಚೀಲ.

ಅವಳಿಗೆ ಉಸಿರು ಮೇಲಕ್ಕೆ ಬರುತ್ತಿರಲಿಲ್ಲ.

"ಗೂಟ ಕಿತ್ತಿದ್ದು ನಾನು."

ಅವನು ತಲೆ ಎತ್ತಿದ. ಆಶ್ಚರ್ಯಪಟ್ಟ ಮುಖವಲ್ಲ ಅದು. ಬಹಳ ದಣಿದ ಮುಖ.

"ಗೊತ್ತು."

"ಏನು ಗೊತ್ತು?"

"ನಿಮ್ಮ ಮನೇಲಿ ನಾಯಿ ಇಲ್ಲ ಅಂತ ಗೊತ್ತು." ಗಾಜನ್ನು ಕೆಳಗಿಟ್ಟ. "ಮೂರನೇ ಸಲ ಬಂದಾಗಲೇ ಗೊತ್ತಾಯ್ತು. ಗೂಟದ ಬುಡದಲ್ಲಿ ಮಣ್ಣು ಒದ್ದೆ ಇತ್ತು, ಸುತ್ತ ಹೆಬ್ಬೆರಳಿನ ಗುರುತು. ಇಷ್ಟು ವರ್ಷ ಗೂಟ ಹೊಡೆದಿದೀನಿ, ಗೂಟಕ್ಕೆ ನೀರು ಹಾಕೋರನ್ನ ನಾನು ನೋಡಿದ್ದು ಅದೇ ಮೊದಲು."

ಪುಟ್ಟಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಗೊತ್ತಿದ್ದೂ ಬಿಸ್ಕತ್ತು ತಂದ್ರಾ?"

"ತಿನ್ನೋರು ತಿಂದ್ರಲ್ಲ."

ಇನ್ಯಾವತ್ತೋ ಆಗಿದ್ದರೆ ಇಬ್ಬರೂ ನಗುತ್ತಿದ್ದರು. ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಿ ಕೈಯ ಮಣ್ಣೆಲ್ಲ ಕೆನ್ನೆಗೆ ಮೆತ್ತಿಕೊಂಡಳು.

"ಹಾಗಾದ್ರೆ ಯಾಕೆ ನಿಮ್ಮ ತಪ್ಪು ಅಂತ ಒಪ್ಕೊಂಡ್ರಿ? ನಾನು ಮಾಡಿದ್ದನ್ನ ನಿಮ್ಮ ತಲೆ ಮೇಲೆ ಯಾಕೆ ಹಾಕ್ಕೋಬೇಕು?"

"ಯಾಕಂದ್ರೆ ತಪ್ಪು ನನ್ನದೇ." ಅವನ ದನಿ ಮೊದಲ ಸಲ ಒಡೆಯಿತು. "ಕೊನೇ ಸಲ ಬಂದೆನಲ್ಲ, ಅವತ್ತು ಗೂಟ ಸರಿದಿರೋದು ಕಣ್ಣಿಗೆ ಹೊಡೀತಾ ಇತ್ತು. ಕಿತ್ತು ಸರಿಯಾಗಿ ನೆಡೋಕೆ ಎಷ್ಟು ಹೊತ್ತು? ನೆಡಲಿಲ್ಲ. ಸರಿ ಮಾಡಿಬಿಟ್ಟರೆ ನಾಳೆ ಬರೋಕೆ ಏನೂ ಉಳಿಯಲ್ಲ ಅನ್ನಿಸ್ತು. ಬೆಳಕು ಸಾಲದು ಅಂದೆ. ಅಂಥ ಬಿಸಿಲಲ್ಲಿ."

ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿದರು. ಅದು ಕಿರುಗುಟ್ಟುತ್ತಾ ಕಿರುಗುಟ್ಟುತ್ತಾ ನಿಂತಿತು.

ಪುಟ್ಟಿ ಈ ಮಾತಿಗಾಗಿ ಎಷ್ಟು ದಿನ ಕಾದಿದ್ದಳು. ಇವನ ಬಾಯಿಂದ ಇಂಥದ್ದೇನಾದರೂ ಬರಲಿ ಎಂದು ಹಂಬಲಿಸಿ ಹಂಬಲಿಸಿ ಸಣ್ಣಗಾಗಿದ್ದಳು. ಬಂತು, ಬಂದದ್ದು ಅವನು ಗಂಟು ಕಟ್ಟಿದ ಮೇಲೆ. ಎದೆಯೊಳಗೆ ಸಂತೋಷವೂ ಸಂಕಟವೂ ಒಂದರ ಮೇಲೊಂದು ಬಿದ್ದು ಒದ್ದಾಡಿದವು.

"ನಾಳೆ ನಾನು ಬಂದು ಹೇಳ್ತೀನಿ," ಅಂದಳು.

"ಹೇಳಬೇಡಿ." ಅವನು ಎದ್ದು ನಿಂತ. "ಹೇಳಿದ್ರೆ ಗಿಡದ ಆರ್ಡರು ಹೋಗುತ್ತೆ. ಅಳೆಸದೆ ಕಲ್ಲು ಇಟ್ಟದ್ದಕ್ಕೆ ನಿಮ್ಮ ಮಾವ ಸಿಕ್ಕಿ ಬೀಳ್ತಾರೆ. ನಿಮ್ಮಮ್ಮ ಏನು ಮಾಡ್ತಾರೆ? ನನ್ನದು ಬಿಡಿ. ಕಳ್ಕೊಳ್ಳೋಕೆ ನನ್ನ ಹತ್ತಿರ ಏನಿದೆ?"

"ಆ ಕೆಲಸ ಒಂದೇ ಅಲ್ವಾ ಇದ್ದದ್ದು?"

ಅವನು ಅವಳ ಕೆನ್ನೆಯ ಮಣ್ಣಿನ ಕಡೆ ಕೈ ತಂದ, ಮುಟ್ಟುವ ಮುಂಚೆ ನಿಲ್ಲಿಸಿದ, ಕೈ ಹಿಂದಕ್ಕೆ ತೆಗೆದುಕೊಂಡ. ಮುಟ್ಟಿದ್ದರೆ ಅವಳು ಅಷ್ಟು ಅಳುತ್ತಿರಲಿಲ್ಲ.

"ಬರಬೇಡಿ ನಾಳೆ," ಅಂದ. "ನನಗೋಸ್ಕರ ಇಷ್ಟು ಮಾಡಿ."

ಮನೆಗೆ ಬಂದವಳೇ ಅಮ್ಮನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ನಾಯಿ, ಬಿಸ್ಕತ್ತು, ಗೂಟ, ಯಾವುದನ್ನೂ ಬಿಡಲಿಲ್ಲ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ, ಕೊನೆಯ ದಂಟಿನವರೆಗೂ ಬಿಡಿಸಿದಳು.

"ಆರ್ಡರು ಹೋದರೆ ನರ್ಸರಿ ಇನ್ನು ಏಳಲ್ಲ ಪುಟ್ಟಿ. ಗೊತ್ತು ತಾನೇ?"

"ಗೊತ್ತಮ್ಮ."

"ನಿನ್ನ ಮಾವ ಈ ಹೊಸ್ತಿಲು ತುಳಿಯಲ್ಲ."

"ಗೊತ್ತು."

"ಅಷ್ಟೊಂದು ಬೇಕಾ ಅವನು ನಿನಗೆ?"

ಪುಟ್ಟಿ ಮುಖ ಮುಚ್ಚಿಕೊಂಡು ತಲೆಯಾಡಿಸಿದಳು. ಅಮ್ಮ ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಇಬ್ಬರೂ ಊಟ ಮಾಡಲಿಲ್ಲ. ಒಬ್ಬರು ಹೊರಳಿದ್ದು ಇನ್ನೊಬ್ಬರಿಗೆ ಕೇಳಿಸುತ್ತಿತ್ತು.

ಬೆಳಿಗ್ಗೆ ಪುಟ್ಟಿ ಎದ್ದು ಬಂದಾಗ ಅಮ್ಮ ಅವಳ ಒಳ್ಳೆಯ ಸೀರೆ ತೆಗೆದು ಕುರ್ಚಿಯ ಮೇಲಿಟ್ಟಿದ್ದಳು. ಮುಖ ಮಾತ್ರ ತಿರುಗಿಸಲಿಲ್ಲ.

"ಹೋಗೋದಾದ್ರೆ ಬೇಗ ಹೋಗು," ಅಂದಳು ಒಲೆಯ ಕಡೆ ನೋಡುತ್ತಲೇ. "ಅವನು ಒಪ್ಕೊಂಡು ಹೊರಟುಹೋದ ಮೇಲೆ ನೀನು ಹೋಗಿ ಹೇಳಿ ಏನು ಬಂತು?"

ಹಳೆಯ ದೋಣಿಮನೆಯನ್ನೇ ಆಫೀಸು ಮಾಡಿದ್ದರು. ಗೋಡೆಗೆ ಹೊಸ ಸುಣ್ಣ, ನೆಲದಲ್ಲಿ ಇನ್ನೂ ಹಳೆಯ ಎಣ್ಣೆಯ ಕಲೆ. ಉದ್ದ ಮೇಜಿನ ಕೊನೆಯಲ್ಲಿ ಮೇಡಂ ಕೂತಿದ್ದರು. ಇಡೀ ಕೆರೆಯ ಕೆಲಸ ಅವರ ಹೊಣೆ. ಈ ಕೆರೆಗೋಸ್ಕರ ಅವರು ಹತ್ತದ ಮೆಟ್ಟಿಲಿಲ್ಲ, ಕಾಯದ ಬಾಗಿಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವರ ಎಡಗಡೆ ಮಾವ, ಬಲಗಡೆ ನಾಲ್ಕಾರು ಜನ ಆಫೀಸಿನವರು. ಸರ್ವೇಯರ್ ಒಬ್ಬನೇ ನಿಂತಿದ್ದ.

"ಅಳತೆ ತಪ್ಪಿದ್ದು ನನ್ನಿಂದ," ಎಂದು ಅವನು ಶುರು ಮಾಡಿದ್ದ.

"ಅಲ್ಲ," ಅಂದಳು ಪುಟ್ಟಿ ಬಾಗಿಲಿನಿಂದ.

ಎಲ್ಲರೂ ತಿರುಗಿದರು. ಅವನು ಕಣ್ಣು ಮುಚ್ಚಿಕೊಂಡ.

"ಅಳತೆ ಸರಿಯಾಗೇ ಇತ್ತು ಮೇಡಂ. ಗೂಟ ಕಿತ್ತು ಕೆಳಗೆ ನೆಟ್ಟವಳು ನಾನು."

"ಪುಟ್ಟೀ, ಮನೆಗೆ ನಡಿ," ಅಂದ ಮಾವ. ಮುಖ ಹರಳೆಣ್ಣೆ ಕುಡಿದವನ ಹಾಗಾಗಿತ್ತು.

ಮೇಡಂ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. "ಯಾಕೆ ಕಿತ್ತಿರಿ?"

ನನ್ನ ಬಿದಿರಿಗೆ ಅಡ್ಡ ಬಂತು ಅನ್ನಬಹುದಿತ್ತು. ಆ ಮಾತು ಬಾಯಿಯವರೆಗೆ ಬಂತು ಕೂಡ. ಅಂದಿದ್ದರೆ ಮಾನ ಉಳಿಯುತ್ತಿತ್ತು, ತಿಳಿಯದ ಹೆಂಗಸು ಎಂದು ಒಂದಿಷ್ಟು ಬೈದು ಬಿಡುತ್ತಿದ್ದರು. ಆದರೆ ಅಷ್ಟು ಸಲ ಬಂದು ಅವನು ಏನು ನೋಡುತ್ತಿದ್ದ ಎಂದು ಮುಂದಿನ ಪ್ರಶ್ನೆ ಅವನ ಕಡೆಗೇ ತಿರುಗುತ್ತಿತ್ತು. ಅದೂ ಹೋಗಲಿ, ಅವಳಿಗೆ ಸಾಕಾಗಿತ್ತು. ಗೂಟದ ಹಿಂದೆ, ನಾಯಿಯ ಹಿಂದೆ, ಬಿಸ್ಕತ್ತಿನ ಹಿಂದೆ ಅಡಗಿ ಅಡಗಿ ಸಾಕಾಗಿತ್ತು.

"ಇವರು ಮತ್ತೆ ಬರಲಿ ಅಂತ," ಅಂದಳು.

"ಯಾರು?"

"ಇವರೇ. ಗೂಟ ಸರಿದರೆ ಸರಿ ಮಾಡೋಕೆ ಬರಲೇಬೇಕಲ್ಲ. ಕೆಲಸ ಮುಗಿದರೆ ಬೇರೆ ಊರಿಗೆ ಹೋಗ್ತೀನಿ ಅಂದಿದ್ರು. ನನಗೆ ಇವರನ್ನ ನೋಡದೆ ಇರೋಕೆ ಆಗ್ತಿರಲಿಲ್ಲ ಮೇಡಂ. ಬನ್ನಿ ಅಂತ ಬಾಯಿ ಬಿಟ್ಟು ಕರೆಯೋಕೂ ಆಗ್ತಿರಲಿಲ್ಲ. ಅದಕ್ಕೆ ಕೀಳ್ತಿದ್ದೆ."

ಆಫೀಸಿನವರಲ್ಲಿ ಒಬ್ಬ ಕೆಮ್ಮುವ ಹಾಗೆ ಮಾಡಿ ನಗು ನುಂಗಿದ. ಪುಟ್ಟಿಯ ಕಿವಿ ಉರಿಯುತ್ತಿತ್ತು. ನೆಲದ ಎಣ್ಣೆಯ ಕಲೆಯನ್ನೇ ನೋಡುತ್ತಾ ನಿಂತಳು.

"ನನಗೆ ಅದು ಗೊತ್ತಿತ್ತು ಮೇಡಂ."

ಸರ್ವೇಯರ್ ಮಾತಾಡುತ್ತಿದ್ದ. ನಿಂತಲ್ಲಿಂದ ಸರಿದು ಬಂದು ಅವಳ ಪಕ್ಕದಲ್ಲಿ ನಿಂತಿದ್ದ.

"ಇವರು ಕೀಳ್ತಾರೆ ಅಂತ ಗೊತ್ತಿತ್ತು. ಕೊನೇ ಸಲ ಬೇಕು ಅಂತಾನೇ ಸರಿ ಮಾಡದೆ ಬಿಟ್ಟೆ, ಮಾರನೇ ದಿನ ಬರಬಹುದು ಅಂತ. ಕೆಲಸ ಗೊತ್ತಿದ್ದವನು ನಾನು. ಇವರದು ತಪ್ಪು ಅಂತಾದ್ರೆ ನನ್ನದು ಅದಕ್ಕಿಂತ ದೊಡ್ಡದು."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣಿನ ಮೂಲೆಗಳನ್ನು ಬೆರಳಿನಿಂದ ಒತ್ತಿಕೊಂಡರು. ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರ ದನಿ ಏರಲಿಲ್ಲ.

"ನಿಮ್ಮಿಬ್ಬರಲ್ಲಿ ಒಬ್ಬರು ಒಂದು ಮಾತು ಆಡಿದ್ದಿದ್ರೆ ನನ್ನ ದಾರಿ ಉಳೀತಿತ್ತು," ಅಂದರು.

ಕನ್ನಡಕ ಮತ್ತೆ ಏರಿಸಿ, ಮುಂದಿದ್ದ ಕಾಗದ ಎಳೆದುಕೊಂಡರು.

ಆಮೇಲೆ ಎಲ್ಲ ಬೇಗ ಮುಗಿಯಿತು. ಗೊತ್ತಿದ್ದೂ ಬಿಟ್ಟವನನ್ನು ಇಟ್ಟುಕೊಳ್ಳಲಾಗುವುದಿಲ್ಲ, ಸರ್ವೇಯರ್ ಇವತ್ತೇ ಹೋಗಬೇಕು. ಗಿಡದ ಆರ್ಡರು ಬೇರೆಯವರಿಗೆ. ಅಳೆಸದೆ ಕಲ್ಲು ಇಟ್ಟ ಗುತ್ತಿಗೆದಾರ ತಿರುವನ್ನು ತನ್ನ ಸ್ವಂತ ಖರ್ಚಿನಲ್ಲಿ ಮತ್ತೆ ಕಟ್ಟಿಕೊಡಬೇಕು. ಮಾವ ಎದ್ದು ಹೊರಡುವಾಗ ಪುಟ್ಟಿಯನ್ನು ದಾಟಿ ಹೋದ. "ಅಕ್ಕನಿಗೆ ಹೇಳು, ತಮ್ಮ ಸತ್ತ ಅಂತ," ಅಂದ. ಹಿಂದೆ ತಿರುಗಿ ನೋಡಲಿಲ್ಲ.

ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಪಕ್ಕಪಕ್ಕದಲ್ಲಲ್ಲ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

ಕೆರೆ ತುಂಬಿ ನಿಂತಿತ್ತು. ಗಾಳಿಗೆ ಬಿಸಿಲು ನೀರಿನ ಮೇಲೆ ಚೂರುಚೂರಾಗಿ ಓಡುತ್ತಿತ್ತು. ಉದ್ಘಾಟನೆಗೆ ಕಾಯುವ ತಾಳ್ಮೆಯಿಲ್ಲದ ಜನ ಆಗಲೇ ಬಂದಿದ್ದರು. ದೂರದ ತಿರುವಿನಲ್ಲಿ, ಮುಳುಗಿದ ದಾರಿಯ ಮೇಲೆ, ಹುಡುಗ ಹುಡುಗಿಯ ಒಂದು ಜೋಡಿ, ಚಪ್ಪಲಿ ಕೈಯಲ್ಲಿ ಹಿಡಿದು, ಮಂಡಿಯವರೆಗಿನ ನೀರಲ್ಲಿ ನಡೆಯುತ್ತಿತ್ತು. ಹುಡುಗಿ ಜಾರಿದಂತೆ ಮಾಡಿದಳು, ಹುಡುಗ ಹಿಡಿದುಕೊಂಡ, ಇಬ್ಬರೂ ನಕ್ಕರು. ಆ ನಗು ನೀರಿನ ಮೇಲೆ ಹಾದು ಮೆಟ್ಟಿಲಿನವರೆಗೂ ಕೇಳಿಸಿತು.

"ಎಲ್ಲ ಹೋಯ್ತು ನಿಮ್ಮದು," ಅಂದ ಅವನು. "ನನ್ನಿಂದ."

"ನಿಮ್ಮದೂ ಹೋಯ್ತು."

"ನಾನು ಬರಬೇಡಿ ಅಂದಿದ್ದೆ."

"ನಿಮ್ಮ ಮಾತು ಕೇಳೋಕೆ ನಾನೇನು ನಿಮ್ಮ ಹೆಂಡತಿಯಾ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅವನು ತಿರುಗಿ ನೋಡಿದ. ನಿನ್ನೆಯ ದಣಿವು ಇನ್ನೂ ಆ ಮುಖದಲ್ಲಿತ್ತು, ಆದರೆ ತುಟಿಯ ಮೂಲೆ ಈ ಸಲ ಯೋಚಿಸುತ್ತಾ ನಿಲ್ಲಲಿಲ್ಲ, ಪೂರ್ತಿ ಮೇಲೇರಿತು. ಅದನ್ನು ನೋಡಿ ಅವಳಿಗೆ ಮತ್ತೆ ಅಳು ಬಂತು. ಈ ನಗು ಬಸ್ಸು ಹತ್ತಿ ಹೋಗುತ್ತದಲ್ಲ, ಇನ್ನೆಲ್ಲಿ ನೋಡಲಿ ಅನ್ನಿಸಿತು.

"ರೂಮು ಸಂಜೆಯೊಳಗೆ ಖಾಲಿ ಮಾಡಬೇಕು," ಅಂದ.

"ಎಲ್ಲಿಗೆ ಹೋಗ್ತೀರಾ?"

"ಗೊತ್ತಿಲ್ಲ. ಎಲ್ಲೂ ಯಾರೂ ಕರೆದಿಲ್ಲ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೇಳಬೇಕಾದದ್ದನ್ನೆಲ್ಲ ಒಳಗೆ ಅಷ್ಟು ಜನರ ಮುಂದೆ ಹೇಳಿಯಾಗಿತ್ತು, ಇನ್ನು ಇವನೊಬ್ಬನ ಮುಂದೆ ಹೇಳಲು ಏನೂ ಉಳಿದಿರಲಿಲ್ಲ. ಅವನು ನಡುವಿನ ಜಾಗದಲ್ಲಿದ್ದ ಅವಳ ಕೈಯ ಮೇಲೆ ಕೈಯಿಟ್ಟ.

"ನಾಳೆ ನಿಮ್ಮ ಮನೆಗೆ ಬರ್ತೀನಿ," ಅಂದ.

"ನಾಳೆ ನಿಮಗೆ ಅಲ್ಲೇನು ಕೆಲಸ?"

"ಏನೂ ಕೆಲಸ ಇಲ್ಲ."

ಅವಳು ಅವನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

"ಹಾಗಾದ್ರೆ ಬೆಳಿಗ್ಗೇನೇ ಬನ್ನಿ," ಅಂದಳು.